ಇಪ್ಪತ್ತೊಂದು ಮಾತ್ರೆ

ಕೊಯ್ಯಲು ಹೋದದ್ದು ಕುರಿಯ ಕೊಬ್ಬು,
ಕೊಯ್ದುಕೊಂಡದ್ದು ನನ್ನ ಹೆಬ್ಬೆರಳು.

ಅಕ್ಟೋಬರಿನ ಎರಡನೇ ಶನಿವಾರ
ಸಾಂದುರಿನ ತೊರೆಯಲ್ಲಿ ಮೊಣಕಾಲುದ್ದದ ಬೂಟು ಹಾಕಿ
ಮೂವರು ಹೆಂಗಸರು ಕರುಳು ತೊಳೆಯುತ್ತಿದ್ದೆವು:
ನಾನು, ಅತ್ತೆ ಮರ್ಯುನ್, ಪಕ್ಕದ ಮನೆಯ ಬೈಂತಾ.
ಇಪ್ಪತ್ತೆರಡು ಕುರಿ. ಒಂದೊಂದರ ಹೊಟ್ಟೆಯಲ್ಲೂ
ಹಗ್ಗದಂಗಡಿ ಇಡುವಷ್ಟು.
ಒಳಗನ್ನು ಹೊರಗೆ ಮಗುಚಿ, ಉಪ್ಪು ತಿಕ್ಕಿ,
ಜಾಲಾಡಿಸಿ, ಬೆಳಕಿಗೆ ಹಿಡಿದು ನೋಡಬೇಕು.
ಹುಣ್ಣಿಲ್ಲ, ಊತವಿಲ್ಲ, ಎಲ್ಲೂ ಕಟ್ಟಿಕೊಂಡಿಲ್ಲ.
"ಎಂಥಾ ಚೆಂದದ ಕರುಳೇ!" ಅಂದಳು ಅತ್ತೆ, ಕುರಿಗೆ.

ಹನ್ನೊಂದು ವರ್ಷದಿಂದ ನನ್ನದನ್ನು
ಕ್ಯಾಮೆರಾ ಇಳಿಬಿಟ್ಟು ನೋಡಿದ ಒಬ್ಬರೂ
ಹಾಗಂದದ್ದಿಲ್ಲ.
ಆ ಹೊಟ್ಟೆಕಿಚ್ಚಿಗೇ ಕತ್ತಿ ಜಾರಿತೋ ಏನೋ.

ಮಂಗಳವಾರದ ಹೊತ್ತಿಗೆ ಬೆರಳು ಬೇಯಿಸಿದ ಆಲೂಗಡ್ಡೆ,
ಮಣಿಕಟ್ಟು ದಾಟಿದ ಒಂದು ಕೆಂಪು ಗೆರೆ.
ಡೆನ್ಮಾರ್ಕಿನ ಹುಡುಗ ಡಾಕ್ಟರು, ಊರಿಗೆ ಬಂದು ಮೂರು ತಿಂಗಳು,
ಚೀಟಿ ಬರೆದ: ದಿನಕ್ಕೆ ಮೂರು, ಏಳು ದಿನ.
ನನ್ನ ಕರುಳಿಗೆ ಆಗಿಬರಲ್ಲ, ಅಂದೆ.
ಗೊತ್ತು, ಅಂದ. ಆದರೆ ಈ ಗೆರೆಗೆ ಕಾಯುವ ತಾಳ್ಮೆಯಿಲ್ಲ.
ಜ್ವರ ಬಂದರೆ, ರಕ್ತ ಕಂಡರೆ,
ಆರು ಸಲಕ್ಕಿಂತ ಹೆಚ್ಚು ಎದ್ದರೆ, ನಡುರಾತ್ರಿಯಾದರೂ ಫೋನು ಮಾಡು.
ನಿಲ್ಲಿಸುವ ಗುಳಿಗೆ ಮಾತ್ರ ನೀನೇ ನುಂಗಬೇಡ.
ಬೆನ್ನಿನ ಮೇಲೆ ನಂಬರು ಬರೆದುಕೊಟ್ಟ. ಚೀಟಿಯ ಬೆನ್ನಿನ ಮೇಲೆ.

ಬೆಳಿಗ್ಗೆ ಏಳಕ್ಕೊಂದು, ಮೂರಕ್ಕೊಂದು, ರಾತ್ರಿ ಹನ್ನೊಂದಕ್ಕೊಂದು.
ನಡುವೆ ಮೊಸರು, ಉಪ್ಪು ಹಾಕಿದ ಗಂಜಿ,
ಸಿಪ್ಪೆ ತೆಗೆದ ಸೇಬನ್ನು ಬೇಯಿಸಿ ಮಸೆದದ್ದು.
ಬೈಂತಾ ತಂದಿಟ್ಟ ರಕ್ತದ ಸಾಸೇಜು
ಕಿಟಕಿಯಲ್ಲೇ ಕೂತು ನನ್ನನ್ನು ನೋಡಿತು.
ಮೊದಲ ದಿನ ಸುಮ್ಮನಿತ್ತು ಒಳಗೆ.
ಎರಡನೆಯ ದಿನ ಗುರುಗುರು.
ಮೂರನೆಯ ದಿನ
ಮಾತ್ರೆ ಸರಿಯಿತ್ತು, ಲಯ ತಪ್ಪಿತು.

ನಾನು ಶಾಲೆಯ ಬಸ್ಸಿನವಳು.
ನನ್ನ ತಲೆಯಲ್ಲಿ ಈ ದ್ವೀಪದ ನಕ್ಷೆಯೇ ಬೇರೆ:
ಇಗರ್ಜಿಯ ಹಿಂದೊಂದು, ಬೀಗದ ಕೈ ಕಲ್ಲಿನಡಿ;
ಮೀನಿನ ಕಾರ್ಖಾನೆಯಲ್ಲೊಂದು, ಚಿಲಕ ಕೂರುವುದಿಲ್ಲ;
ದಾಲುರ್ ಬಿಟ್ಟರೆ ಹೂಸವೀಕಿನವರೆಗೆ
ಏನೂ ಇಲ್ಲ.
ಅಲ್ಲೇ ಕರುಳು ಚುರುಕ್ ಅಂದಿತು. ಕನಿಕರಕ್ಕಲ್ಲ.

ಹಿಂದೆ ಒಂಬತ್ತು ಮಕ್ಕಳು. ಈ ಕಡೆ ಗುಡ್ಡ, ಆ ಕಡೆ ಕಡಲು.
ಈ ನಾಡಿನಲ್ಲಿ ಮರವಿಲ್ಲ,
ಮರವಿಲ್ಲದ ಕಡೆ ಮರೆಯೂ ಇಲ್ಲ.
ಬಸ್ಸು ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಕೊಟ್ಟೆ.
ಕನ್ನಡಿಯಲ್ಲಿ ಎಸ್ಬೆರ್ನ್, ಎಂಟು ವರ್ಷ, ಹಲ್ಲುದುರಿದವನು,
ನನ್ನ ಮುಖ ನೋಡಿದ.
ಎದ್ದು ನಿಂತು ಕಿರುಚಿದ: "ತಿಮಿಂಗಿಲ! ತಿಮಿಂಗಿಲ!"

ಇಲ್ಲಿ ಅದು ಸಣ್ಣ ಸುಳ್ಳಲ್ಲ.
ಆ ಒಂದು ಕೂಗಿಗೆ ಒಲೆ ಮೇಲಿನ ಪಾತ್ರೆ ಬಿಟ್ಟು
ದೋಣಿ ಇಳಿಸುತ್ತಾರೆ ಜನ.
ಎಂಟೂ ತಲೆ ಕಡಲ ಕಡೆಯ ಗಾಜಿಗೆ ಅಂಟಿಕೊಂಡವು.
ನಾನು ಬಾಗಿಲು ತೆಗೆದು ಗುಡ್ಡದ ಕಡೆ ಓಡಿದೆ,
ಕುರಿದೊಡ್ಡಿಯ ಮುರುಕು ಗೋಡೆಯ ಆಚೆಗೆ.

ಗಾಳಿ. ನಡುಗುವ ತೊಡೆ. ಅಲ್ಲೇ ಮೇಯುತ್ತ
ಚೆಂದದ ಕರುಳಿನ ಒಂದು ಕುರಿ
ತಲೆಯೆತ್ತಿ, ಮತ್ತೆ ಬಗ್ಗಿಸಿತು.
ಬೆಣ್ಣೆಕಾಗದದ ಹಾಗೆ ಮಡಚಿಟ್ಟ ಮಾನವನ್ನು
ಸರಿಮಾಡಿಕೊಂಡು ಬಂದಾಗ
ಎಸ್ಬೆರ್ನ್ ಇನ್ನೂ ಬೆರಳು ತೋರುತ್ತಿದ್ದ:
ಅಲ್ಲಿ, ಅಲ್ಲಲ್ಲ, ಆ ಬಂಡೆಯಾಚೆ, ಈಗ ಮುಳುಗಿತು!

ಇಳಿಯುವಾಗ ಮೆಲ್ಲಗೆ ಅಂದ,
"ನಮ್ಮಕ್ಕನಿಗೂ ಹೀಗೇ."

ಆ ರಾತ್ರಿ ಏಳು ಸಲ ಎದ್ದೆ. ಫೋನು ಮಾಡಿದೆ.
ನಿದ್ದೆಗಣ್ಣಿನ ದನಿಯಲ್ಲಿ ಹುಡುಗ ಡಾಕ್ಟರು
ಬಣ್ಣ ಕೇಳಿದ, ಜ್ವರ ಕೇಳಿದ,
ಬೆಳಿಗ್ಗೆ ಬಂದು ಡಬ್ಬಿ ಕೊಂಡೊಯ್ದ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.
ಮಿಕ್ಕವನ್ನು ಎಣಿಸಿ ಎಣಿಸಿ ನುಂಗಿದೆ.

ಇಪ್ಪತ್ತೊಂದು ಮುಗಿದಿದೆ. ಗೆರೆ ಅಳಿಸಿದೆ.
ಉಗುರು ಕಪ್ಪಗಾಗಿದೆ, ಹೊಟ್ಟೆ
ಮುನಿಸಿಕೊಂಡ ನೆಂಟನ ಹಾಗೆ
ಹೊಸ್ತಿಲಲ್ಲೇ ನಿಂತಿದೆ, ಒಳಗೂ ಬಾರದೆ, ಹೋಗಲೂ ಹೋಗದೆ.

ಸೋಮವಾರ ಎಸ್ಬೆರ್ನ್ ಹತ್ತಿದ.
ಚೀಲ ಇಳಿಸುತ್ತಾ ನನ್ನ ಮುಖ ಓದಿದ.
"ಇವತ್ತು ತಿಮಿಂಗಿಲ ಬರುತ್ತಾ?"
ಹೂಸವೀಕ್ ದಾಟಲಿ, ನೋಡೋಣ, ಅಂದೆ.